ನಾದಿನಿ ಹೊಲಿದ ಅಂಚು

ಸಭೆಯ ಸಮಸ್ತರ ಗಂಭೀರ ಗಮನಕ್ಕೆ: ಪ್ರಭುಭೋಜನದ ಮೇಜಿಗೆ ಹೊದಿಸಬೇಕಾದ ಹೊಸ ಬಟ್ಟೆ ಈ ಭಾನುವಾರವೂ ಬರುವುದಿಲ್ಲ. ಅಂಚಿನ ಒಂದು ಹೊಲಿಗೆ ಅಕ್ಕಪಕ್ಕದ ಹೊಲಿಗೆಗಳ ಜೊತೆ ಸಾಲಿನಲ್ಲಿ ನಿಲ್ಲಲು ಒಪ್ಪುತ್ತಿಲ್ಲ. ಮಾತುಕತೆ ಮುಂದುವರಿದಿದೆ.

ಚರ್ಚಿನಲ್ಲಿ ಪಾಸ್ಟರ್ ಇದನ್ನು ನಗದೆ ಓದಿದರು. ಬರೆದು ಕಳಿಸಿದವಳು ಟೈಲರಕ್ಕ. ನಕ್ಕರೆ ಮುಂದಿನ ನಿಲುವಂಗಿ ಯಾರು ಹೊಲಿದುಕೊಡಬೇಕು? ಪಾಸ್ಟರ್ ಅವರ ಎಡ ಹೆಗಲು ಬಲಕ್ಕಿಂತ ತಗ್ಗು. ಅದು ಗೊತ್ತಿದ್ದವರು ಇಬ್ಬರೇ, ದೇವರು ಮತ್ತು ಟೈಲರಕ್ಕ. ಇಬ್ಬರೂ ಯಾರಿಗೂ ಹೇಳಿರಲಿಲ್ಲ.

ಅವಳ ಅಂಗಡಿಗೆ ಬಂದವರೆಲ್ಲ ಮೊದಲು ನೆಟ್ಟಗೆ ನಿಲ್ಲಬೇಕಿತ್ತು. ಟೇಪು ಆಮೇಲೆ, ಹೆಗಲು ಮೊದಲು. ಇಳಿದ ಹೆಗಲಿಗೆ ಅಂಗಿಯ ಒಳಗೆ ಸಣ್ಣ ಮೆತ್ತೆ ಇಟ್ಟು ಹೊಲಿದರೆ ಊರಿಗೆ ಊರೇ ಸಮ. "ದೇವರು ಕೊಟ್ಟ ಹೆಗಲು ಸೊಟ್ಟಗಿದ್ರೂ ಟೈಲರಕ್ಕ ಕೊಟ್ಟ ಅಂಗಿ ನೆಟ್ಟಗಿರುತ್ತೆ," ಎಂದು ಅವಳೇ ಹೇಳುತ್ತಿದ್ದಳು. ತನ್ನ ತುತ್ತೂರಿ ಊದಲು ಬೇರೆಯವರ ಉಸಿರು ಯಾಕೆ ಖರ್ಚು ಮಾಡಬೇಕು!

ಮೇಜುಬಟ್ಟೆಯ ಅಡ್ಡಿ ಮಾತ್ರ ಹೊಲಿಗೆಯಲ್ಲಿ ಇರಲಿಲ್ಲ, ಮನೆಯಲ್ಲಿತ್ತು. ಗಂಡನ ತಂಗಿಗೆ ಲಕ್ವ ಹೊಡೆದ ಮೇಲೆ ಬಲಗೈ ನಡುಗುತ್ತಿತ್ತು. ಹಿಂದೆ ಅಂಗಡಿಯ ಗುಂಡಿ, ಕಾಜಾ ಎಲ್ಲ ಅವಳದೇ ಕೆಲಸ. ಈಗ ಸೂಜಿ ಹಿಡಿಯುವುದನ್ನೇ ಬಿಟ್ಟಿದ್ದಳು. ಅಂಥವಳು ಒಂದು ದಿನ, "ಅತ್ತಿಗೆ, ದೇವರ ಮೇಜಿನ ಬಟ್ಟೆ ಅಲ್ವಾ, ಒಂದು ಅಂಚು ನಾನು ಹಾಕ್ಲಾ?" ಎಂದಳು. ಟೈಲರಕ್ಕ ಬಾಯಲ್ಲಿ ಹೂಂ ಎಂದಳು. ನಾದಿನಿ ಕಷ್ಟಪಟ್ಟು ಹೊಲಿದು ಮಲಗಿದ್ದೇ ತಡ, ಕೈಯಲ್ಲಿ ಊಹೂಂ ಎಂದು ಪೂರ್ತಿ ಬಿಚ್ಚಿಹಾಕಿದಳು.

ಬೆಳಿಗ್ಗೆ ನಾದಿನಿ ಕಸದ ಬುಟ್ಟಿಯಲ್ಲಿ ತನ್ನ ದಾರದ ತುಂಡುಗಳನ್ನು ಗುರುತು ಹಿಡಿದಳು. ಅಷ್ಟು ಡೊಂಕು ಆ ಅಂಗಡಿಯಲ್ಲಿ ಇನ್ಯಾರ ದಾರಕ್ಕೂ ಇರಲಿಲ್ಲ. ಅಂಗಡಿಯ ಕಡೆ ಬರುವುದನ್ನೇ ನಿಲ್ಲಿಸಿದಳು. ಅಂದಿನಿಂದ ಟೈಲರಕ್ಕನ ಯಾವ ಹೊಲಿಗೆಯೂ ಸಾಲಿಗೆ ಬರಲಿಲ್ಲ.

ಒಂದು ಮಧ್ಯಾಹ್ನ ಮೆಷಿನ್ ಮುಂದೆ ಕೂತು ಪ್ರಾರ್ಥನೆ ಶುರುಮಾಡಿದಳು. ಅವಳ ಪ್ರಾರ್ಥನೆಗೂ ಅಂಚು ಮಡಚಿರುತ್ತಿತ್ತು: ಸ್ತುತಿ, ಪಾಪದ ಅರಿಕೆ, ಬೇಡಿಕೆ, ಆಮೆನ್. ಅವತ್ತು ಅರಿಕೆಯ ಹತ್ತಿರ ದಾರ ಕಡಿಯಿತು. ಎದುರಿಗೆ ರಿಪೇರಿಗೆ ಬಂದ ಪಾಸ್ಟರ್ ನಿಲುವಂಗಿ ಒಳಹೊರಗಾಗಿ ತೂಗುತ್ತಿತ್ತು. ಹೆಗಲ ಮೆತ್ತೆ ಎದ್ದು ಕಾಣುತ್ತಿತ್ತು.

"ಯೇಸಪ್ಪ," ಎಂದಳು, ಈ ಸಲ ಅಂಚು ಗಿಂಚು ಮಡಚದೆ, "ನನ್ನ ಸೊಟ್ಟಾನೂ ನೀನು ಹೀಗೇ ಮುಚ್ಚಿದೀಯಲ್ಲ. ಸರಿ ಮಾಡ್ಕೊಂಡು ಬಾ ಅಂತ ಬಾಗಿಲಿಂದ ವಾಪಸ್ ಕಳಿಸ್ಲಿಲ್ಲ. ನಾನು ಅವಳದ್ದನ್ನ ಬಿಚ್ಚಿಹಾಕಿದೆ."

ಎದ್ದು ಬಟ್ಟೆ ಹಿಡಿದು ನಾದಿನಿಯ ಕೋಣೆಗೆ ಹೋದಳು.

"ಇನ್ನೊಂದ್ಸಲ ಹೊಲೀತೀಯಾ?"

"ಯಾಕೆ ಅತ್ತಿಗೆ, ಬಿಚ್ಚೋಕೆ ಏನೂ ಉಳಿದಿಲ್ವಾ?"

"ತಪ್ಪಾಯ್ತು ಕಣೇ. ಬಿಚ್ಚಲ್ಲ."

"ಕತ್ತರಿ ಕೊಡಿ. ಆಮೇಲೆ ನಂಬ್ತೀನಿ."

ಆ ಕತ್ತರಿಯನ್ನು ಕಟ್ಟಿಕೊಂಡ ಗಂಡನೂ ಮುಟ್ಟಿರಲಿಲ್ಲ. ಕೊಟ್ಟಳು.

ನಾದಿನಿ ಹೊಲಿದಳು. ಮಡಿಕೆ ಎಡತುದಿಯಲ್ಲಿ ಕಿರಿದು, ಬಲತುದಿಗೆ ಬರುವಷ್ಟರಲ್ಲಿ ಅಗಲ. ಟೈಲರಕ್ಕ ಗೋಡೆ ನೋಡುತ್ತ ಕೂತು ಬಿಚ್ಚುವ ಆಸೆಯನ್ನು ಗೆದ್ದಳು.

ಗೆದ್ದದ್ದೇ ತಪ್ಪಾಯಿತು. ಮುಂಬಾಗಿಲಿಂದ ಹೊರಟ ಹೆಮ್ಮೆ ವೇಷ ಬದಲಿಸಿ ಹಿತ್ತಿಲ ಬಾಗಿಲಿಂದ ಒಳಗೆ ಬಂತು. ತಗ್ಗುವುದಾದರೆ ಹಾಗೆ ಹೀಗೆ ತಗ್ಗುವುದೇ? ಊರಲ್ಲಿ ಯಾರೂ ತಗ್ಗಿರಬಾರದು ಹಾಗೆ ತಗ್ಗಬೇಕು! ದೇವರು ತನ್ನನ್ನು ಹೇಗೆ ಬದಲಿಸಿದನೆಂದು ಭಾನುವಾರ ಸಭೆಯ ಮುಂದೆ ಸಾಕ್ಷಿ ಹೇಳಲು ಪಾಸ್ಟರ್ ಹತ್ತಿರ ಸಮಯ ಕೇಳಿದಳು. ಡೊಂಕು ಅಂಚು ಜನರ ಕಡೆ, ತನ್ನ ನೇರ ಅಂಚು ಹಿಂದುಗಡೆ ಬರುವಂತೆ ಹಾಸಲು ಹೇಳಿದಳು. "ನೋಡಿ, ಈ ಸೊಟ್ಟವನ್ನು ಸರಿಮಾಡಬಲ್ಲ ಕೈ ಸುಮ್ಮನಿತ್ತು" ಎಂಬ ಸಾಲನ್ನು ಕನ್ನಡಿ ಮುಂದೆ ಉರುಹೊಡೆದಳು. ಎಲ್ಲಿ ಗಂಟಲು ಕಟ್ಟಬೇಕು ಎಂಬುದಕ್ಕೂ ಗುರುತು ಹಾಕಿಕೊಂಡಳು.

"ಸಾಕ್ಷಿ ಹೇಳ್ತೀರಂತೆ?" ಎಂದಳು ನಾದಿನಿ. "ನನ್ನ ಕೈ ವಿಷಯಾನಾ?"

"ನನ್ನ ದೀನತೆ ವಿಷಯ ಕಣೇ."

"ನಿಮ್ಮ ದೀನತೆ ಎದ್ದು ಕಾಣೋಕೆ ನನ್ನ ಸೊಟ್ಟ ಬೇಕಾ ಅತ್ತಿಗೆ?"

ಟೈಲರಕ್ಕನಿಗೆ ಮಾತು ಚುಚ್ಚಿತು. ಆದರೆ ಭಾಷಣ ಅಷ್ಟು ಚೆನ್ನಾಗಿ ಕೂತಿತ್ತು, ಬಿಚ್ಚಲು ಮನಸ್ಸು ಬರಲಿಲ್ಲ.

ಭಾನುವಾರ ಬಟ್ಟೆ ಹಾಸಿದರು. ಸಭೆಯೆಲ್ಲ ಆಹಾ ಎಂದಿತು. ಜನರ ಕಡೆಯ ಅಂಚು ನೆಲದ ಟೈಲ್ಸ್ ಗೆರೆಗೆ ಸಮಾನಾಂತರವಾಗಿ, ಗೀಟು ಎಳೆದಂತೆ ನಿಂತಿತ್ತು. ಟೈಲರಕ್ಕ ಕಣ್ಣುಜ್ಜಿಕೊಂಡಳು. ಡೊಂಕು ಎಲ್ಲಿ ಹೋಯಿತು?

ಮೇಜಿನ ಹಿಂದೆ ನಿಂತಿದ್ದ ಪಾಸ್ಟರ್ ಬಗ್ಗಿ ನೋಡಿದರು. "ಈ ಕಡೆ ಅಂಚು ಯಾಕೋ ಒಂದು ತುದೀಲಿ ಇಳಿಬಿದ್ದಿದೆಯಲ್ಲ?"

"ಅದಾ ಪಾಸ್ಟರ್," ಎಂದ ಚರ್ಚಿನ ಕಾವಲುಗಾರ, "ಬಲಗಡೆ ಕಾಲುಗಳು ನೀರು ಕುಡಿದು ಕೊಳೆತಿದ್ವಲ್ಲ, ತುದಿ ಕತ್ತರಿಸಿದ್ವಿ. ಮೇಜು ಆ ಕಡೆ ತಗ್ಗು. ಬಟ್ಟೆ ಹಾಕಿದ್ರೆ ಯಾರಿಗೆ ಕಾಣುತ್ತೆ ಅಂತ ಸುಮ್ನಾದೆ."

ಟೈಲರಕ್ಕನಿಗೆ ಹೊಳೆಯಿತು. ಮನುಷ್ಯರೆಲ್ಲರ ಹೆಗಲು ನೋಡಿ ಟೇಪು ಹಿಡಿದವಳು, ದೇವರ ಮೇಜು ಸಮ ಇದ್ದೇ ಇರುತ್ತದೆಂದು ಬರೀ ಮೇಲ್ಭಾಗದ ಅಳತೆ ತಂದಿದ್ದಳು. ನಾದಿನಿಯ ಅಗಲದ ಮಡಿಕೆ ಬಟ್ಟೆಯನ್ನು ಅಷ್ಟೇ ಗಿಡ್ಡ ಮಾಡಿ, ಇಳಿದ ಬದಿಗೆ ಸರಿಯಾಗಿ ಕೂತಿತ್ತು.

"ಟೈಲರಕ್ಕ, ಸಾಕ್ಷಿ," ಎಂದು ಪಾಸ್ಟರ್ ಕರೆದರು.

ಎದ್ದು ನಿಂತಳು. ತೋರಿಸಲು ಸೊಟ್ಟವೇ ಇಲ್ಲದ ಮೇಲೆ ಭಾಷಣ ಎಲ್ಲಿಂದ ಬರಬೇಕು? ಗುರುತು ಹಾಕದ ಜಾಗದಲ್ಲೇ ಗಂಟಲು ಕಟ್ಟಿತು.

"ಮುಂದಿನ ಅಂಚು ನನ್ನ ನಾದಿನಿ ಹೊಲಿದಿದ್ದು," ಎಂದಳು. "ಇಳಿಬಿದ್ದಿರೋದು ನಂದು. ಅಷ್ಟೇ."

ಎಲ್ಲರೂ ನಾದಿನಿಯ ಕಡೆ ತಿರುಗಿದರು. ಅವಳು ಸೆರಗಿನ ಕೆಳಗೆ ಬಚ್ಚಿಡುತ್ತಿದ್ದ ಬಲಗೈ ಅವತ್ತು ಮಡಿಲ ಮೇಲೆ, ಎಲ್ಲರಿಗೂ ಕಾಣುವಂತೆ, ನಡುಗುತ್ತಲೇ ಇತ್ತು. ಅವಳಿಗಿಂತ ಟೈಲರಕ್ಕನ ಎದೆಯೇ ಹೆಚ್ಚು ಉಬ್ಬಿತು. ಈ ಹೆಮ್ಮೆಯನ್ನು ಯೇಸಪ್ಪ ಲೆಕ್ಕಕ್ಕೆ ಹಿಡಿಯಲಾರ ಎಂದುಕೊಂಡು ಪಕ್ಕದಲ್ಲಿ ಬಂದು ಕೂತಳು.

"ಅತ್ತಿಗೆ," ನಾದಿನಿ ಕಿವಿಯಲ್ಲಿ ಕೇಳಿದಳು, "ನಿಮ್ಮ ಅಂಚು ಬಿಚ್ಚಿ ಸರಿ ಮಾಡ್ಕೊಡ್ಲಾ? ಕತ್ತರಿ ನನ್ ಹತ್ರಾನೇ ಇದೆ."

"ಮುಟ್ಟಿದ್ರೆ ನೋಡು," ಎಂದಳು ಟೈಲರಕ್ಕ. "ಇರ್ಲಿ ಬಿಡು, ಹಾಗೇ."