ಸತುರ್ನಿನಾ ಮೇಡಂ ನುಂಗಿದ ಸಂಖ್ಯೆ

ಸಿಟ್ಟು ಬಂದಾಗ ಎಲ್ಲರ ದನಿ ಏರುತ್ತದೆ, ಸತುರ್ನಿನಾ ಬ್ರಿತೆಸ್ ಅವರದು ಇಳಿಯುತ್ತಿತ್ತು. ತೀರಿಕೊಂಡ ಗಂಡನ ಕಂದು ಕೋಟು ತೊಟ್ಟು, ಬಲಗಾಲನ್ನು ತುಸು ಎಳೆದು ನಡೆಯುವ ಈ ಗಣಿತದ ಶಿಕ್ಷಕಿ ಪಿಸುಗುಟ್ಟಿದರೆಂದರೆ ವಿಲ್ಯರಿಕಾದ ನಮ್ಮ ಶಾಲೆಯಲ್ಲಿ ಎಂಥ ಪುಂಡನೂ ಬಾಯಿ ಮುಚ್ಚುತ್ತಿದ್ದ. ಅಂಥವರೂ ಇಪ್ಪತ್ತೆಂಟು ವರ್ಷ ಹನ್ನೆರಡರ ಮಗ್ಗಿಯಲ್ಲಿ ಮಕ್ಕಳನ್ನು ತೊಂಬತ್ತಾರರಿಂದ ನೇರ ನೂರಿಪ್ಪತ್ತಕ್ಕೆ ಜಿಗಿಸುತ್ತಿದ್ದರು. ನಮ್ಮ ಪರಗ್ವೆ ದೇಶದಲ್ಲಿ ನೂರೆಂಟು ಎಂದರೆ ಗಂಡನ್ನು ಬಯಸುವ ಗಂಡಿಗೆ ಬೈಗುಳ; ಅಜ್ಜಂದಿರ ಕಾಲದಲ್ಲಿ ಪೊಲೀಸರು ಅಂಥ ನೂರೆಂಟು ಮಂದಿಯನ್ನು ಹಿಡಿದೊಯ್ದಿದ್ದರು, ಆ ಸಂಖ್ಯೆಯನ್ನು ಇಂದಿಗೂ ಯಾರೂ ಮನೆಯ ಬಾಗಿಲಿಗೆ ಬರೆಸುವುದಿಲ್ಲ. ತರಗತಿ ನಗೆಪಾಟಲಾಗದಿರಲಿ ಎಂದು ಅವರು ಅದನ್ನು ನುಂಗುತ್ತಿದ್ದರು, ಪಕ್ಕದ ಕೋಣೆಯಲ್ಲಿ ಭೂಗೋಳ ಹೇಳುತ್ತಿದ್ದ ನಾನೂ ನುಂಗುತ್ತಿದ್ದೆ.

ಹದಿಮೂರು ವರ್ಷದ ದೆರ್ಲಿಸ್ ಒಂದು ದಿನ ಮಗ್ಗಿ ಒಪ್ಪಿಸುವಾಗ ನುಂಗಲಿಲ್ಲ. ಹನ್ನೆರಡು ಒಂಬತ್ಲೆ ನೂರೆಂಟು ಎಂದ, ಅಷ್ಟೇ. ಅಂದಿನಿಂದ ಅದೇ ಅವನ ಹೆಸರಾಯಿತು. ಬೆಂಚಿನ ಮೇಲೆ ಕೆತ್ತಿದರು, ಚೀಲವನ್ನು ಚರಂಡಿಗೆಸೆದರು, ಕೊನೆಗೆ ತುಟಿ ಒಡೆದರು. ಅವನು ಶಾಲೆಗೆ ಬರುವುದನ್ನೇ ಬಿಟ್ಟ. ಬೇರೆ ಶಾಲೆಗೆ ಹೋದರೆ ಅವನಿಗೇ ಕ್ಷೇಮ ಎಂದು ಹೆಡ್‌ಮಾಸ್ಟರರು ನೂರೆಂಟು ನೆಪ ಹೇಳಿದರು. ನೆಪಗಳನ್ನು ಎಣಿಸುವಾಗ ಮಾತ್ರ ಆ ಸಂಖ್ಯೆಗೆ ನಾಚಿಕೆ ಇರಲಿಲ್ಲ. ಉಳಿದ ಶಿಕ್ಷಕರಾದ ನಾವು ತೆರೆರೆ ಎಂಬ ತಣ್ಣನೆಯ ಎಲೆಕಷಾಯದ ಲೋಟವನ್ನು ಕೈಯಿಂದ ಕೈಗೆ ದಾಟಿಸುತ್ತ ಸುಮ್ಮನೆ ಕೂತಿದ್ದೆವು. ಸತುರ್ನಿನಾ ದನಿ ಇಳಿಸಿದರು.

"ಹೊಡೆದೋರು ಮೂರು ಜನ. ಹೊರಗೆ ಹೋಗ್ಬೇಕಾದ್ದು ಹೊಡೆಸ್ಕೊಂಡೋನಾ?"

ಆ ಸಂಜೆ ಅವರೊಂದಿಗೆ ಹುಡುಗನ ಮನೆಗೆ ನಾನೂ ಹೋದೆ. ಪಾದ್ರಿಯ ಬಳಿ ಕರೆದೊಯ್ದು ಸರಿಮಾಡಿಸುತ್ತೇನೆಂದು ತಾಯಿ ಅಳುತ್ತಿದ್ದಳು. ದೆರ್ಲಿಸ್ ತಲೆ ಎತ್ತದೆ ಹೇಳಿದ: "ಅವ್ರು ಅನ್ನೋದು ಸುಳ್ಳಲ್ಲ ಮೇಡಂ. ಆದ್ರೆ ಅದು ಬೈಗುಳ ಹೆಂಗಾಯ್ತು?"

"ನಾನು ನುಂಗಿ ನುಂಗಿ ಆಯ್ತು ಮಗಾ," ಎಂದರು ಸತುರ್ನಿನಾ. ಆಮೇಲೆ ತಾಯಿಯ ಕಡೆ ತಿರುಗಿ, "ಪಾದ್ರಿ ಬೇಡಮ್ಮ. ಮೊದ್ಲು ಇವ್ನ ಹೊಟ್ಟೆಗೆ ಏನಾದ್ರೂ ಹಾಕು," ಎಂದರು.

ತರಗತಿಯಲ್ಲಿ ಬುದ್ಧಿವಾದ ಹೇಳಲೇ ಎಂದು ಅವನನ್ನೇ ಕೇಳಿದರು. ಬೇಡ, ಎಲ್ಲರೂ ನನ್ನನ್ನೇ ನೋಡುತ್ತಾರೆ ಎಂದ. ಹಾಗಾದರೆ ಏನು ಮಾಡಲಿ ಎಂದು ಕೇಳಿ, ಉತ್ತರ ಬರುವವರೆಗೂ ಚಿಪಾ ರೊಟ್ಟಿ ಮುರಿಯುತ್ತ ಕಾದರು. ದಾರಿಯಲ್ಲಿ ಪಕ್ಕದಲ್ಲಿರಿ, ಸಾಕು ಎಂದ.

ಮರುದಿನದಿಂದ ಅವನ ಪಕ್ಕದಲ್ಲಿ ಮೇಡಂ ಅವರ ಆ ಎಳೆಯುವ ಕಾಲೂ ನಡೆಯಿತು. ಮೂವರು ಪುಂಡರಿಂದ, ಅವರ ಅಪ್ಪಂದಿರ ಎದುರಿಗೇ, ಬೆಂಚಿನ ಕೆತ್ತನೆಯನ್ನು ಉಜ್ಜಿಸಿದರು. ಯಾರ ಹೆಸರನ್ನೂ ಎತ್ತದೆ ಇಡೀ ತರಗತಿಯಿಂದ ದಿನವೂ ಹನ್ನೆರಡರ ಮಗ್ಗಿಯನ್ನು ಪೂರ್ತಿ ಹೇಳಿಸಿದರು. ಒಬ್ಬ ನಕ್ಕರೂ ಮತ್ತೆ ಮೊದಲಿನಿಂದ. ನಗು ಸವೆಯಲು ಹನ್ನೊಂದು ದಿನ ಬೇಕಾಯಿತು. ದೆರ್ಲಿಸ್ ಶಾಲೆಯಲ್ಲಿ ಉಳಿದ.

ಇಂಥವರನ್ನು ಊರು ಧೀರರೆಂದು ಹೊಗಳುತ್ತದೆ, ಆ ಹೊಗಳಿಕೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ತಮ್ಮ ತಪ್ಪನ್ನು ತಡವಾಗಿಯಾದರೂ ಒಪ್ಪಿಕೊಂಡು ಎದ್ದು ನಿಲ್ಲುವ ಸಾಮಾನ್ಯರು ಇವರು. ಒಂದು ಮಗು ಶಾಲೆಗೆ ಹೋಗಿಬರಲು ಧೀರರೊಬ್ಬರ ಕಾವಲು ಬೇಕಾಗುತ್ತದೆಂದರೆ, ಲೋಟ ಹಿಡಿದು ಸುಮ್ಮನೆ ಕೂತ ನಮ್ಮಂಥವರು ಊರು ತುಂಬ ಇದ್ದೇವೆ ಎಂದೇ ಅರ್ಥ.