ಚಂದ್ರಾಮ ಕಲಿಸಿದ ಈಜು

ಶರಣಬಸಮ್ಮ ಗಂಡನ ಹೆಣಕ್ಕೆ ಎರಡನೆಯ ಕೊಡ ನೀರು ಸುರಿಯುತ್ತಿದ್ದಾಗ ದತ್ತಪ್ಪ ಅಂಗಳಕ್ಕೆ ಬಂದ. ರುಮಾಲು ತೆಗೆದು ಕಂಕುಳಲ್ಲಿ ಹಿಡಿದು ಬೇವಿನ ಮರದ ಬುಡದಲ್ಲಿ ಒಬ್ಬನೇ ನಿಂತ. ಇಷ್ಟು ವರ್ಷಗಳಲ್ಲಿ ಆತ ಈ ಮನೆಯ ಮುಂದಿನ ದಾರಿ ತುಳಿದವನಲ್ಲ.

ಆಕೆ ತಲೆಯೆತ್ತದೆ ಗಂಡ ಚಂದ್ರಾಮನ ಕಾಲು ತೊಳೆದಳು. ಆತ ಹುಟ್ಟಾ ಅಂಬಿಗ. ಆದರೆ ಹೊಳೆ ಬಿಟ್ಟು, ಕಂಡವರ ಹೊಲದಲ್ಲಿ ಕೂಲಿ ಮಾಡಿ, ಹಿಮ್ಮಡಿಗಳು ಎರೆಮಣ್ಣಿನ ಹಾಗೆ ಬಿರಿದಿದ್ದವು.

* * *

ಹದಿನೈದು ವರ್ಷದ ಹಿಂದೆ, ಎರಡನೆಯ ಮಹಾಯುದ್ಧದ ಲಡಾಯಿ ಸುರುವಾಗುವ ಮೊದಲಿನ ಮಾತು. ಘತ್ತರಗಿಯ ಮಕ್ಕಳಿಗೆಲ್ಲ ಈಜು ಕಲಿಸುವವನು ಚಂದ್ರಾಮನೇ. ಬೇಸಿಗೆಯಲ್ಲಿ ಭೀಮಾ ಹೊಳೆ ಇಳಿದಾಗ ಮಕ್ಕಳ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ನೀರಿಗೆ ಬಿಡುತ್ತಿದ್ದ. ನೀರು ಕುಡಿದು ಅಳುತ್ತ ಬಂದವರನ್ನು ಬಯ್ದವನಲ್ಲ. ಮರಳಿನಲ್ಲಿ ಕೂಡಿಸಿ ತಲೆ ಒರೆಸುತ್ತಿದ್ದ.

"ನೀರು ಕುಡದಿ ಅಂದ್ರ ಹೊಳಿಗೆ ನಿನ್ನ ಗುರ್ತಾತು. ಮತ್ತ ಇಳಿ," ಅನ್ನುತ್ತಿದ್ದ.

ಮಕ್ಕಳು ಇಳಿಯುತ್ತಿದ್ದರು. ದತ್ತಪ್ಪನ ಹಿರಿಯ ಮಗ ಮಲ್ಕಪ್ಪ ಮಾತ್ರ ಅಂಜುಬುರುಕ. ಸೊಂಟ ಮುಳುಗಿದರೆ ಸಾಕು, ದಡಕ್ಕೆ ಓಡಿಬರುತ್ತಿದ್ದ. ಚಂದ್ರಾಮ ಬೇಸರಿಸದೆ ಅವನನ್ನು ಮತ್ತೆ ಮತ್ತೆ ಕಳಿಸಿದ. ಕಡೆಗೊಂದು ದಿನ ಹುಡುಗ ತಾನಾಗಿ ಕೈ ಬೀಸಿ ನಾಲ್ಕು ಮಾರು ಹೋದ. ದಡದಲ್ಲಿದ್ದ ಮಕ್ಕಳು ಕೇಕೆ ಹಾಕಿದರು. ಅಷ್ಟರಲ್ಲಿ ಇನ್ನೊಂದು ಮಗು ಕೆಮ್ಮಿತೆಂದು ಚಂದ್ರಾಮ ಆ ಕಡೆ ತಿರುಗಿದ. ಮತ್ತೆ ಈ ಕಡೆ ನೋಡಿದಾಗ ಹಗ್ಗ ಜಾರಿದ ಬುರುಡೆ ಒಂದೇ ತೇಲುತ್ತಿತ್ತು.

ಅಫಜಲಪುರದಿಂದ ಪೊಲೀಸ್ ಅಮೀನ ಸಾಹೇಬರು ಬಂದು, ಹುಡುಗನ ಸಾವಿನಲ್ಲಿ ಯಾರ ತಪ್ಪೂ ಇಲ್ಲವೆಂದು ಬರೆದುಕೊಂಡು ಹೋದರು. ದತ್ತಪ್ಪ ಕೈ ಎತ್ತಲಿಲ್ಲ, ಬಯ್ಯಲಿಲ್ಲ. ನಾಲ್ಕು ಮಂದಿಯೆದುರು ಒಂದೇ ಮಾತು ಕೇಳಿದ.

"ಅಂಜಿದ ಕೂಸಿಗಿ ಮತ್ತ ಇಳಿ ಅಂತ ಯಾಕಂದಿ?"

ಅಂದಿನಿಂದ ಊರಿನವರು ಮಕ್ಕಳನ್ನು ಹೊಳೆಗೆ ಬಿಡಲಿಲ್ಲ. ಚಂದ್ರಾಮನೂ ಹೊಳೆಯ ಕಡೆ ಮುಖ ಹಾಕಲಿಲ್ಲ. ಆತನ ದೋಣಿ ದಡದಲ್ಲೇ ಬಿಸಿಲಿಗೆ ಸೀಳು ಬಿಟ್ಟಿತು.

ಎರಡು ಮಳೆಗಾಲ ಕಳೆದ ಮೇಲೆ ನೆರೆಮನೆಯ ಜೈತುನಬಿ ತನ್ನ ಮಗ ಸಿಕಂದರನ ಕೈ ಹಿಡಿದುಕೊಂಡು ಬಂದಳು. ಹೊಳೆದಂಡೆಯ ಊರು, ಇವನೊಬ್ಬನಿಗಾದರೂ ಕಲಿಸು ಎಂದು ಬೇಡಿಕೊಂಡಳು. ಚಂದ್ರಾಮ ಒಳಗೆ ಹೋಗಿ ಕದ ಹಾಕಿಕೊಂಡ. ಅವತ್ತು ಶರಣಬಸಮ್ಮನಿಗೆ ಸಿಟ್ಟು ತಡೆಯಲಾಗಲಿಲ್ಲ.

"ಮಂದಿ ಮಕ್ಕಳಿಗಿ ಮತ್ತ ಇಳಿ ಅಂತಿದ್ದಿ. ನೀ ಯಾವಾಗ ಇಳಿಯಾಂವ?"

ಆತ ಗೋಡೆಗೆ ಮುಖ ಮಾಡಿ ಮಲಗಿದ. ಆಕೆ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಮೊನ್ನೆ ಜ್ವರ ಬಂದು ಸಾಯುವವರೆಗೂ ಆತ ಊರಿನಲ್ಲೊಬ್ಬ ಕೂಲಿಯವನಾಗಿಯೇ ಉಳಿದ.

* * *

ಹೆಣ ಎತ್ತುವ ಹೊತ್ತಿಗೆ ಜೈತುನಬಿ ಬಂದು ಶರಣಬಸಮ್ಮನ ಪಕ್ಕ ಕೂತಳು. ಹೋದ ಶ್ರಾವಣದಲ್ಲಿ ಹಳ್ಳ ದಾಟುವಾಗ ಸೆಳವು ಸಿಕಂದರನನ್ನು ಎಳೆದುಕೊಂಡು ಹೋಗಿತ್ತು. ಮೀಸೆ ಮೂಡಿದ ಮಗ, ಈಜು ಬರುತ್ತಿರಲಿಲ್ಲ.

"ಅಕ್ಕಾ, ನಾ ಬೈಲಿಕ್ಕಿ ಬಂದಿಲ್ಲ," ಅಂದಳು ಜೈತುನಬಿ. "ಖರೇ, ಅವತ್ತ ಕದ ತಗದಿದ್ರ ನನ್ನ ಮಗ ಇರ್ತಿದ್ದ."

"ಹೌದವ್ವಾ," ಅಂದಳು ಶರಣಬಸಮ್ಮ.

ಬೇವಿನ ಬುಡದಲ್ಲಿದ್ದ ದತ್ತಪ್ಪನಿಗೆ ಆ ಮಾತು ಕೇಳಿಸಿತು. ಆತ ಬಂದು ಚಟ್ಟಕ್ಕೆ ಹೆಗಲು ಕೊಡಲಿಲ್ಲ. ಹೊರಟೂ ಹೋಗಲಿಲ್ಲ. ಮಂದಿಯ ಹಿಂದೆ ಅಷ್ಟು ದೂರದಲ್ಲಿ ನಡೆದುಕೊಂಡು ಬಂದ. ಕುಣಿಯ ಹತ್ತಿರ ಎಲ್ಲರೂ ಹಿಡಿಮಣ್ಣು ಹಾಕಿದ ಮೇಲೆ ತಾನೂ ಬಗ್ಗಿ ಒಂದು ಹಿಡಿ ಎತ್ತಿಕೊಂಡ. ಹಾಕಲಿಲ್ಲ. ಹಿಡಿದುಕೊಂಡೇ ನಿಂತ. ಮಣ್ಣು ಬೆರಳ ಸಂದಿಯಿಂದ ಅವನ ಕಾಲ ಮೇಲೆಯೇ ಉದುರಿತು.

ಮಣ್ಣು ಮಾಡಿದ ಮೇಲೆ ಸ್ನಾನಕ್ಕೆ ಎಲ್ಲರೂ ಹೊಳೆಗಿಳಿದರು. ಮುದುಕರು ಎದೆಮಟ್ಟದ ನೀರಿಗೆ ಹೋಗಿ ಮುಳುಗೆದ್ದರು. ಊರಿನ ಹರೆಯದವರು, ಮದುವೆಯಾದವರೂ ಸಹ, ಪಾದ ಮುಳುಗುವಷ್ಟೇ ನೀರಿನಲ್ಲಿ ಗುಂಪಾಗಿ ನಿಂತರು. ಅವರಲ್ಲಿ ದತ್ತಪ್ಪನ ಕಿರಿಯ ಮಗನೂ ಇದ್ದ. ಒಂದೇ ತಂಬಿಗೆ ಕೈಯಿಂದ ಕೈಗೆ ದಾಟುತ್ತಿತ್ತು. ಅದು ಖಾಲಿಯಾದಾಗಲೆಲ್ಲ ಅವರಲ್ಲೊಬ್ಬ ಇನ್ನೊಬ್ಬನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, ಮುಂದಕ್ಕೆ ಬಾಗಿ, ಹೊಳೆಯಿಂದ ನೀರು ತುಂಬಿಕೊಳ್ಳುತ್ತಿದ್ದ.