ದೊರೆ ತುಪಾಕಿ

ಬಂದೂಕಿನ ಅಂಗಡಿಯ ಶಿವಕುಮಾರ್ ತುಪಾಕಿಯ ಲಿವರನ್ನು ಪೂರ್ತಿ ಕೆಳಗೆಳೆದ. ತೆರೆದುಕೊಂಡ ಜಾಗಕ್ಕೆ ಕಿರುಬೆರಳು ಹಾಕಿ ತಡವಿ, ಒಳಗೆ ಗುಂಡಿಲ್ಲವೆಂದು ಖಚಿತ ಮಾಡಿಕೊಂಡ. ಆಮೇಲೆ ತುಪಾಕಿಯನ್ನು ಮೇಜಿನ ಮೇಲೆ ಹಾಸಿದ್ದ ಹಸಿರು ಬಟ್ಟೆಯ ಮೇಲೆ ಮಗುವನ್ನು ಮಲಗಿಸುವಂತೆ ಮಲಗಿಸಿದ.

"ನಂಬರು ಲೈಸೆನ್ಸಿಗೆ ಸರಿಹೋಗ್ತದೆ," ಎಂದ. "ಅಮೆರಿಕದ ಮಾಲು. ನೂರು ವರ್ಷ ದಾಟಿದೆ. ನಮ್ಮ ಕಡೆ ಇಂಥಾದ್ದು ಈಗ ಸಿಗೋದಿಲ್ಲ."

ಗೋಪಿ ಕುರ್ಚಿಯ ಅಂಚಿಗೆ ಜರುಗಿ ಕೂತ. ಅವನ ಪಕ್ಕದಲ್ಲಿ ತಾಯಿ ಅಕ್ಕಯಮ್ಮ ಸೆರಗನ್ನು ಭುಜದ ಸುತ್ತ ಹೊದ್ದು ಕಣ್ಣು ಅರೆಮುಚ್ಚಿ ಕೂತಿದ್ದಳು. ಅಕ್ಕ ಗಂಗಾಲಕ್ಷ್ಮಿ ಮಾತ್ರ ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡು ಕೋಲಾರದ ಬೀದಿಯನ್ನು ನೋಡುತ್ತಿದ್ದಳು. ಖಾಲಿ ಕ್ರೇಟು ತುಂಬಿದ ಟೊಮೇಟೊ ಗಾಡಿಗಳು ಒಂದರ ಹಿಂದೊಂದು ಮಾರ್ಕೆಟ್ಟಿನಿಂದ ವಾಪಸು ಹೋಗುತ್ತಿದ್ದವು.

ಮಕ್ಕಳಿಬ್ಬರೂ ನಾಯ್ನ ಎಂದು ಕರೆಯುತ್ತಿದ್ದ ತಂದೆ, ರಾಯಲ್ಪಾಡಿನ ಕೋದಂಡರಾಮಪ್ಪ ತೀರಿಕೊಂಡು ವರ್ಷವಾಗಿತ್ತು. ಅವನ ಹೆಸರಲ್ಲಿದ್ದ ಲೈಸೆನ್ಸು ಅವನೊಂದಿಗೇ ಮುಗಿಯಿತು. ತುಪಾಕಿಯನ್ನು ಈ ಬಂದೂಕಿನ ಅಂಗಡಿಗೆ ಒಪ್ಪಿಸಿದ್ದರು. ಈಗ ಬೆಂಗಳೂರಿನ ಕಡೆ ಹಳೇ ಬಂದೂಕು ಸಂಗ್ರಹಿಸುವ ಯಾರೋ ಅದನ್ನು ಕೇಳಿದ್ದರು. ಮಾರಬೇಕಾದರೆ ಹೆಂಡತಿ, ಮಗ, ಮಗಳು ಮೂವರೂ ಒಪ್ಪಿ ಸಹಿ ಹಾಕಬೇಕಿತ್ತು. ಅದಕ್ಕೇ ಗೋಪಿ ಊರಿಂದ ಬೈಕಿನಲ್ಲಿ ಬಂದಿದ್ದ. ಶ್ರೀನಿವಾಸಪುರದಲ್ಲಿ ಅಂಗನವಾಡಿ ನಡೆಸುವ ಗಂಗಾಲಕ್ಷ್ಮಿ ಒಂದು ದಿನ ರಜ ಹಾಕಿ, ತನ್ನ ಜೊತೆಗೇ ಇರುವ ತಾಯಿಯನ್ನು ಬಸ್ಸಿನಲ್ಲಿ ಕರೆತಂದಿದ್ದಳು.

ಶಿವಕುಮಾರ್ ನಳಿಗೆಯ ಹಿಂಬದಿಗೆ ಸಣ್ಣ ಬ್ಯಾಟರಿ ಹಿಡಿದು ಮುಂದಿನಿಂದ ಇಣುಕಿದ. "ಒಳಗಡೆ ಗೆರೆ ಚೆನ್ನಾಗಿವೆ. ಅಲ್ಲಲ್ಲಿ ತುಕ್ಕು ತಿಂದಿದೆ, ಆದ್ರೆ ಆಳವಾಗಿ ಹೋಗಿಲ್ಲ," ಎಂದ. ಹಿಡಿಯ ಮರದ ಮೇಲೆ ಹೆಬ್ಬೆರಳು ಸವರಿದ. ಮರ ಕುತ್ತಿಗೆಯ ಹತ್ತಿರ ಸೀಳು ಬಿಟ್ಟಿತ್ತು. ಅಲ್ಲಿ ಯಾರೋ ತಾಮ್ರದ ತಂತಿ ಸುತ್ತಿದ್ದರು. ಸ್ಕ್ರೂಗಳ ತಲೆ ನೋಡಿ, ಯಾರೋ ಒಂದು ಕಾಲದಲ್ಲಿ ಬಿಚ್ಚಿದ್ದಾರೆ ಎಂದು ಗೊಣಗಿದ.

"ನಮ್ಮ ತಾತನಿಗೆ ಚಿನ್ನದ ಗಣಿ ದೊರೆ ಕೊಟ್ಟಿದ್ದು ಸಾರ್," ಗೋಪಿ ಹೇಳಿದ. "ಊರಲ್ಲಿ ಈಗ್ಲೂ ದೊರೆ ತುಪಾಕಿ ಅಂತಾನೇ ಹೆಸ್ರು. ನಮ್ಮ ನಾಯ್ನ ಇದನ್ನ ಹಿಡ್ಕೊಂಡು ಜಗುಲಿ ಮೇಲೆ ಕೂತ್ರೆ ಬೀದೀಲಿ ಯಾರೂ ಕೆಮ್ತಿರಲಿಲ್ಲ."

"ಕೊನೇ ಸಲ ಯಾವಾಗ ಹೊಡೆದಿದ್ರು?"

"ನಾ ಕಂಡಂಗೆ ಹೊಡೆದಿಲ್ಲ. ಇದಕ್ಕೆ ಹಾಕೋ ತೋಟಾ ಸಿಗ್ತಿರಲಿಲ್ಲ ಅಂತಿದ್ರು."

ಶಿವಕುಮಾರ್ ತಲೆಯಾಡಿಸಿ, ತುಪಾಕಿಯನ್ನು ಬಾಯಿ ಮೇಲಾಗಿ ನೆಟ್ಟಗೆ ನಿಲ್ಲಿಸಿದ. ಮೇಜಿನ ಮೇಲಿದ್ದ ಪೆನ್ಸಿಲನ್ನು ರಬ್ಬರಿನ ತುದಿ ಕೆಳಗೆ ಮಾಡಿ ನಳಿಗೆಯೊಳಗೆ ಬಿಟ್ಟ. "ಒಳಗಿನ ಪಿನ್ನು ಸರಿಯಾಗಿ ಕುಟ್ಟಿದ್ರೆ ಈ ಪೆನ್ಸಿಲು ಹಾರಿ ಬರಬೇಕು," ಎಂದು ತುಪಾಕಿಯ ಕುದುರೆಯನ್ನು ಹಿಂದಕ್ಕೆಳೆದು ಬಿಟ್ಟ.

ಟಕ್ ಎಂದಿತು. ಪೆನ್ಸಿಲು ಹಾರಲಿಲ್ಲ. ಇನ್ನೊಮ್ಮೆ ಬಿಟ್ಟ. ಹಾರಲಿಲ್ಲ.

ಅವನು ಸಣ್ಣ ಸ್ಕ್ರೂಡ್ರೈವರು ತೆಗೆದುಕೊಂಡು ಒಂದೊಂದೇ ಭಾಗ ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿಟ್ಟ. ಕೊನೆಗೆ ಕಡ್ಡಿಯಷ್ಟು ದಪ್ಪದ ಕಬ್ಬಿಣದ ತುಂಡೊಂದನ್ನು ಬೆಳಕಿಗೆ ಹಿಡಿದ. "ಪಿನ್ನು ಮುರಿದಿಲ್ಲ. ತುದೀನ ಅರದಿಂದ ಉಜ್ಜಿ ಗಿಡ್ಡ ಮಾಡಿದಾರೆ. ಅರದ ಗೀರು ಕಾಣ್ತಾ ಇದೆ ನೋಡಿ. ಗೀರೊಳಗೂ ತುಕ್ಕು ಕೂತು ಕಪ್ಪಾಗಿದೆ. ತುಂಬಾ ವರ್ಷದ ಹಿಂದಿನ ಕೆಲಸ."

"ಅಂದ್ರೆ?"

"ಅಂದ್ರೆ ಇದು ಹಾರೋ ತುಪಾಕಿಯಲ್ಲ. ಹೆದರಿಸೋಕೆ ಆಗ್ತದೆ, ಅಷ್ಟೇ."

ಗಂಗಾಲಕ್ಷ್ಮಿ ಬೀದಿಯಿಂದ ಮುಖ ತಿರುಗಿಸಿದಳು.

ಗೋಪಿಯ ಮುಖ ಬಾಡಿತ್ತು. "ಎಲೆಕ್ಷನ್ ಬಂದಾಗೆಲ್ಲ ಪೊಲೀಸ್ ಸ್ಟೇಷನ್ನಲ್ಲಿ ಇಟ್ಕೊಂತಿದ್ರಲ್ಲ ಸಾರ್, ಅಲ್ಲೇ ಯಾರೋ..."

"ಅವ್ರನ್ನ್ಯಾಕೆ ಅಂತೀಯಪ್ಪ," ಅಕ್ಕಯಮ್ಮ ಕಣ್ಣು ತೆರೆಯದೆಯೇ ಹೇಳಿದಳು. "ನಾನೇ ಉಜ್ಜಿಸಿದ್ದು."

ಶಿವಕುಮಾರ್ ಕೈಲಿದ್ದ ಪಿನ್ನನ್ನು ಕೆಳಗಿಟ್ಟ.

"ನೀನು ಹೊಟ್ಟೇಲಿದ್ದೆ," ಅವಳು ಮಗನಿಗೆ ಹೇಳುವಂತೆ ಹೇಳಿದಳು. "ನಿಮ್ಮ ನಾಯ್ನ ಮಾವಿನಕಾಯಿ ದುಡ್ಡು ಕುಡಿದ್ಬಿಟ್ಟಿದ್ರು. ಕೇಳಿದ್ದಕ್ಕೆ ತುಪಾಕಿ ತೆಗೆದು ಹೊಡೆದ್ರು. ಗುಂಡು ನನ್ನ ಕಿವಿ ಪಕ್ಕದಲ್ಲಿ ಗೋಡೆಗೆ ಬಿತ್ತು. ಮಾರನೇ ದಿನ ಅವ್ರು ಮಂಡಿಗೆ ಹೋದ್ರು. ನಾನು ಇದನ್ನ ದುಪ್ಪಟೀಲಿ ಸುತ್ಕೊಂಡು ಕುಲುಮೆಗೆ ಹೋದೆ. ಆ ಮುದುಕ ಬಿಚ್ಚಿ, ಉಜ್ಜಿ, ಹಂಗೇ ಜೋಡಿಸಿಕೊಟ್ಟ. ಯಾರಿಗೂ ಹೇಳಲ್ಲ ಅಂದ, ಹೇಳ್ಲಿಲ್ಲ."

"ನಾಯ್ನಂಗೆ ಗೊತ್ತಾಗಲಿಲ್ವಾ?"

"ಇನ್ನೊಂದ್ಸಲ ನನ್ನ ಮೇಲೆ ಎಳೆದ್ರು. ಟಕ್ ಅಂತು. ತೋಟಾ ಹಳೇದಾಗಿದೆ ಅನ್ಕೊಂಡು ಮಲಗಿಬಿಟ್ರು." ಅವಳು ಸೆರಗು ಸರಿಮಾಡಿಕೊಂಡಳು. "ಆಮೇಲೆ ಬರೀ ತೋರಿಸೋರು. ತೋರಿಸಿದ್ರೆ ಸಾಕಿತ್ತಲ್ಲ ಅವ್ರಿಗೆ."

ಗಂಗಾಲಕ್ಷ್ಮಿ ಲೆಕ್ಕ ಹಾಕಬೇಕಾಗಿರಲಿಲ್ಲ. ಪಿನ್ನು ಉಜ್ಜಿಸಿದ್ದು ಗೋಪಿ ಹುಟ್ಟುವ ಮೊದಲು. ಕದಿರೇಶ್ ಬಂದ ಹೊತ್ತಿಗೆ ಗೋಪಿ ಸ್ಲೇಟು ಹಿಡಿದು ಸ್ಕೂಲಿಗೆ ಹೋಗುತ್ತಿದ್ದ.

ಕದಿರೇಶ್ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಿದ್ದ. ಅವರ ತೋಪಿನ ಬಾವಿಗೆ ಎರಡು ಬೇಸಿಗೆ ಬಂದಿದ್ದ. ಕದ್ದು ಕರೆದುಕೊಂಡು ಹೋಗುವ ಮಾತೇ ಅವನು ಆಡಲಿಲ್ಲ. ಒಗೆದ ಅಂಗಿ ತೊಟ್ಟು, ಹಗಲು ಹೊತ್ತಿನಲ್ಲೇ ಮನೆ ಮುಂದೆ ಬಂದು ನಿಂತು, ನಿಮ್ಮ ಮಗಳನ್ನು ಕೊಡಿ ಎಂದು ಕೇಳಿದ. ಕೋದಂಡರಾಮಪ್ಪ ಮಾತಾಡದೆ ಒಳಗೆ ಹೋಗಿ ತುಪಾಕಿ ತಂದು, ಲಿವರು ಎಳೆದು ಮುಚ್ಚಿ, ನಳಿಗೆಯನ್ನು ಅವನ ಎದೆಗೆ ಒತ್ತಿದ. ಆದರೂ ಕದಿರೇಶ್ ಹೋಗಲಿಲ್ಲ. ಗಂಗಾಲಕ್ಷ್ಮಿಯನ್ನೇ ನೋಡುತ್ತಿದ್ದ. ಆಗ ಅವಳು ತಂದೆಯ ಕಾಲು ಹಿಡಿದು, ಬೀದಿಗೆಲ್ಲ ಕೇಳುವಂತೆ ಹೇಳಿದ್ದಳು: "ನಾನು ಮಾಮನ್ನೇ ಮದ್ವೆ ಆಗ್ತೀನಿ ನಾಯ್ನ. ಅವ್ನನ್ನ ಬಿಟ್ಬಿಡು."

ಆ ಮಾತು ಕೇಳಿದ ಮೇಲೆ ಕದಿರೇಶ್ ಹೋದ. ತುಪಾಕಿಗೆ ಹೋಗದವನು ಆ ಮಾತಿಗೆ ಹೋದ. ಆಷಾಢಕ್ಕೆ ಮುಂಚೆಯೇ ಅವಳಿಗೆ ತಾಯಿಯ ತಮ್ಮ ರಾಮಚಂದ್ರಪ್ಪನ ಜೊತೆ ಮದುವೆಯಾಯಿತು.

ಮಾಮ ಕೆಟ್ಟವನಲ್ಲ. ಹೊಡೆಯಲಿಲ್ಲ, ಕುಡಿಯಲಿಲ್ಲ. ಅವಳಿಗಿಂತ ಹದಿನಾಲ್ಕು ವರ್ಷ ದೊಡ್ಡವನು. ಊಟಕ್ಕೆ ಕೂತಾಗ ಉಪ್ಪು ಬೇಕೆಂದು ಕೈಸನ್ನೆ ಮಾಡುತ್ತಿದ್ದ, ಬೀದಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದ. ಬೀದಿಯಲ್ಲಿ ಕದಿರೇಶನ ಕಥೆ ಕೇಳಿದ್ದರಿಂದ ಅವಳ ಮೇಲೆ ಅವನಿಗೆ ಕೊನೆಯವರೆಗೂ ನಂಬಿಕೆ ಬರಲಿಲ್ಲ. ತವರಿಗೆ ಹೋದರೂ ಮಾವಿನ ತೋಪಿನ ಕಡೆ ಹೋಗಬಾರದು ಎನ್ನುತ್ತಿದ್ದ. ಎರಡು ವರ್ಷದ ಕೆಳಗೆ ಅವನು ಸತ್ತಾಗ ಅವಳಿಗೆ ಅಳು ಬಂದಿತ್ತು, ಯಾಕೆಂದು ಗೊತ್ತಾಗಿರಲಿಲ್ಲ.

ಇಷ್ಟು ವರ್ಷ ಅವಳ ಕೈಯಲ್ಲಿ ಉಳಿದದ್ದು ಒಂದೇ ಸಮಾಧಾನ. ಕದಿರೇಶ್ ಮಾಲೂರಿನ ಕಡೆ ಮೋಟಾರು ಅಂಗಡಿ ಇಟ್ಟಿದ್ದಾನಂತೆ, ಮೊಮ್ಮಕ್ಕಳಿದ್ದಾರಂತೆ ಎಂದು ಯಾರೋ ಹೇಳಿದ ದಿನ, ಅವಳು ಅಂಗನವಾಡಿಯ ಮಕ್ಕಳಿಗೆ ಅನ್ನ ಬಡಿಸುತ್ತ ಒಳಗೊಳಗೇ ಹಿಗ್ಗಿದ್ದಳು. ಅವನು ಉಸಿರಾಡುತ್ತಿರುವುದು ನನ್ನಿಂದ ಎಂದುಕೊಂಡಿದ್ದಳು. ತನ್ನ ಬದುಕು ಹೋದರೂ ಅದರಿಂದ ಒಂದು ಬದುಕು ಉಳಿಯಿತಲ್ಲ ಎಂದು.

ಈಗ ಇನ್ನೊಂದು ಸಂಗತಿಯೂ ನೆನಪಾಯಿತು. ಆ ದಿನ ಪಕ್ಕದ ಮನೆಯವರು ಕಿರುಚಿಕೊಂಡು ಓಡಿದ್ದರು, ಗೋಪಿ ಕಣಜದ ಹಿಂದೆ ಅವಿತು ಅಳುತ್ತಿದ್ದ. ಅಮ್ಮ ಮಾತ್ರ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅವಳ ಕೈ ನಿಂತಿರಲಿಲ್ಲ. ಅಮ್ಮನಿಗೆ ದಿಗಿಲಿನಿಂದ ಬುದ್ಧಿ ಮಂಕಾಗಿತ್ತು ಎಂದೇ ಗಂಗಾಲಕ್ಷ್ಮಿ ಇಲ್ಲಿಯವರೆಗೆ ತಿಳಿದಿದ್ದಳು.

"ಅಮ್ಮ," ಎಂದಳು. "ಕದಿರೇಶ್ ಬಂದಿದ್ದ ದಿನ ನಿಂಗೆ ಗೊತ್ತಿತ್ತು."

ಅಕ್ಕಯಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಅದು ಹಾರಲ್ಲ ಅಂತ ಗೊತ್ತಿತ್ತು. ನನ್ನ ಕಿವೀಲಿ ಒಂದು ಮಾತು ಹೇಳಬೋದಿತ್ತು."

"ಹೇಳಿದ್ರೆ ನೀನು ಹೋಗ್ಬಿಡ್ತಿದ್ದೆ," ಎಂದಳು ಅಕ್ಕಯಮ್ಮ. ಈಗ ಕಣ್ಣು ತೆರೆದಿದ್ದಳು. "ನನ್ನ ತಮ್ಮಂಗೆ ವಯಸ್ಸಾಗಿತ್ತು, ಯಾರೂ ಹೆಣ್ಣು ಕೊಡ್ತಿರಲಿಲ್ಲ. ನೀನೂ ಹೋಗಿದ್ರೆ ಆ ಮನೇಲಿ ಅವ್ರ ಜೊತೆ ನಾನೊಬ್ಳೇ ಇರ್ಬೇಕಿತ್ತು. ಮಾಮನ ಮನೆ ಆದ್ರೆ ಓಡಿಬಂದು ಇರೋಕೆ ಒಂದು ಬಾಗಿಲಿರ್ತದೆ ಅನ್ಕೊಂಡೆ."

"ನಿಂಗೆ ಬಾಗಿಲು ಬೇಕಿತ್ತು."

"ಹೂಂ. ಬೇಕಿತ್ತು."

ಗೋಪಿ ಇಬ್ಬರ ಮುಖವನ್ನೂ ನೋಡಿದ. ಏನು ಹೇಳಬೇಕೆಂದು ತೋಚದೆ ಶಿವಕುಮಾರನ ಕಡೆ ತಿರುಗಿದ. "ಸಾರ್, ಹೊಸಾ ಪಿನ್ನು ಸಿಗಲ್ವಾ?"

"ಮಾಡಿಸಬೋದು. ಪರ್ಮಿಷನ್ ತಗೊಂಡು ಮಾಡಿಸಬೇಕು. ಉಳಿದದ್ದೆಲ್ಲ ಒರಿಜಿನಲ್ಲೇ ಇರೋದ್ರಿಂದ ರೇಟು ಅಷ್ಟೇನೂ ಇಳಿಯೋದಿಲ್ಲ."

"ಚಿಕ್ಕ ಪಿನ್ನು ಅಷ್ಟೇ ಕಣಕ್ಕ," ಗೋಪಿ ಸಮಾಧಾನ ಹೇಳುವ ದನಿಯಲ್ಲಿ ಅಂದ. "ಅದೊಂದು ಹಾಕಿದ್ರೆ ಎಲ್ಲಾ ಸರಿಹೋಗ್ತದೆ."

ಶಿವಕುಮಾರ್ ತುಪಾಕಿಯನ್ನು ಮತ್ತೆ ಜೋಡಿಸತೊಡಗಿದ. ಅವನು ಕೊನೆಯ ಸ್ಕ್ರೂ ಬಿಗಿದ ಮೇಲೆ ಗಂಗಾಲಕ್ಷ್ಮಿ ಎದ್ದು ಮೇಜಿನ ಹತ್ತಿರ ಬಂದಳು. "ಒಂದ್ಸಲ ಕೈಗೆ ಕೊಡ್ತೀರಾ?" ಎಂದು ಕೇಳಿದಳು.

ಅವನು ಹಿಂದೆಮುಂದೆ ನೋಡಿ, ಖಾಲಿಯಿದೆಯೆಂದು ಇನ್ನೊಮ್ಮೆ ತೆರೆದು ತೋರಿಸಿ ಕೊಟ್ಟ. ಹುಟ್ಟಿದಂದಿನಿಂದ ತವರಿನ ಗೋಡೆಯ ಮೇಲೆ ನೋಡಿದ್ದರೂ ಅವಳು ಅದನ್ನು ಮುಟ್ಟಿದ್ದು ಅದೇ ಮೊದಲು. ಎತ್ತಲಾಗದಷ್ಟು ಭಾರವಿರುತ್ತದೆ ಎಂದುಕೊಂಡಿದ್ದಳು. ಅಂಗನವಾಡಿಯಲ್ಲಿ ಮಧ್ಯಾಹ್ನ ನಿದ್ದೆ ಹೋದ ಮಕ್ಕಳನ್ನು ಎತ್ತಿ ಚಾಪೆಗೆ ಹಾಕುತ್ತಾಳಲ್ಲ, ಅವರಿಗಿಂತ ಹಗುರ. ಹಿಡಿಯನ್ನು ಭುಜಕ್ಕೆ ಆನಿಸಿಕೊಂಡು ತಿರುಗಿದಳು. ನಳಿಗೆಯ ಆ ಕೊನೆಯಲ್ಲಿ ಅಮ್ಮ ಕೂತಿದ್ದಳು.

ಅಕ್ಕಯಮ್ಮ ಅಲ್ಲಾಡಲಿಲ್ಲ. ನಳಿಗೆಯ ಬಾಯನ್ನು ಹಳೆಯ ನೆಂಟರನ್ನು ನೋಡುವಂತೆ ನೋಡಿದಳು.

ಶಿವಕುಮಾರ್ ಅಂಗೈಯಿಂದ ನಳಿಗೆಯನ್ನು ಮೆಲ್ಲಗೆ ಕೆಳಗೊತ್ತಿದ. "ಖಾಲಿ ಇದ್ರೂ ಮನುಷ್ಯರ ಕಡೆ ಹಿಡೀಬಾರದಮ್ಮ."

"ಗೊತ್ತಿರಲಿಲ್ಲ," ಎಂದು ಅವಳು ತುಪಾಕಿಯನ್ನು ಅವನಿಗೆ ಕೊಟ್ಟಳು. "ಸಹಿ ಎಲ್ಲಿ ಹಾಕ್ಬೇಕು?"

ತೋರಿಸಿದಲ್ಲೆಲ್ಲ ಹಾಕಿದಳು. ಅಕ್ಕಯಮ್ಮನ ಹೆಬ್ಬೆರಳಿಗೆ ಗೋಪಿ ಇಂಕು ಹಚ್ಚಿ ಒತ್ತಿಸಿದ. ಅಂಗಡಿಯವನ ಜೊತೆ ಇನ್ನೂ ಮಾತಿದೆಯೆಂದು ಅವನು ಅಲ್ಲೇ ಉಳಿದ.

ಬಸ್‌ಸ್ಟ್ಯಾಂಡಿನವರೆಗೆ ತಾಯಿ ಮಗಳು ಆಟೋದಲ್ಲಿ ಹೋದರು. ಶ್ರೀನಿವಾಸಪುರದ ಬಸ್ಸು ನಿಂತಿತ್ತು. ಗಂಗಾಲಕ್ಷ್ಮಿ ತಾಯಿಯನ್ನು ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, "ನೀರು ತರ್ತೀನಿ," ಎಂದು ಇಳಿದಳು. ಕಂಡಕ್ಟರ್ ರೈಟ್ ಎಂದಾಗ ಅವಳು ನೀರಿನ ಬಾಟಲಿ ಹಿಡಿದು ಅಂಗಡಿಯ ನೆರಳಲ್ಲಿ ನಿಂತಿದ್ದಳು. ಓಡಿದ್ದರೆ ಬಸ್ಸು ಸಿಗುತ್ತಿತ್ತು. ಅಕ್ಕಯಮ್ಮ ಕಿಟಕಿಯ ಸರಳಿಗೆ ಮುಖವಿಟ್ಟು ಅತ್ತ ಇತ್ತ ಹುಡುಕುತ್ತಿದ್ದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು. ಹಿಂದೆಯೇ ಬಂದ ಇನ್ನೊಂದು ಬಸ್ಸನ್ನೂ ಗಂಗಾಲಕ್ಷ್ಮಿ ಹತ್ತಲಿಲ್ಲ. ಮಾಲೂರಿನ ಬಸ್ಸುಗಳು ನಿಲ್ಲುವ ಕಡೆ ಒಂದು ಸಲ ನೋಡಿದಳು. ಅಲ್ಲಿಗೆ ಹೋಗಿ ಈಗ ಯಾರಿಗೆ ಏನು ಹೇಳುವುದು? ನೀನು ಸಾಯುತ್ತಿರಲಿಲ್ಲ, ಸುಮ್ಮನೆ ನಿಂತಿದ್ದರೆ ಸಾಕಿತ್ತು ಎಂದೇ?

ಅವಳು ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಬೀಗ ಹಾಕಿದ ಬಾಗಿಲ ಮುಂದೆ ಮೆಟ್ಟಿಲ ಮೇಲೆ ಅಕ್ಕಯಮ್ಮ ಕೂತಿದ್ದಳು. ಕಂಡಕ್ಟರೇ ಇಳಿಸಿ ಆಟೋ ಹತ್ತಿಸಿದನಂತೆ. ಪಕ್ಕದ ಮನೆಯವರು ಕೊಟ್ಟ ಕಾಫಿ ಲೋಟ ಪಕ್ಕದಲ್ಲಿ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು.

"ಬಸ್ಸು ತಪ್ಪಿಹೋಯ್ತಾ?" ಎಂದು ಕೇಳಿದಳು.

"ಇಲ್ಲ," ಎಂದಳು ಗಂಗಾಲಕ್ಷ್ಮಿ.

ಬೀಗ ತೆಗೆದಳು. ಅಕ್ಕಯಮ್ಮ ಎಂದಿನಂತೆ, ಹಿಡಿದೆಬ್ಬಿಸಲೆಂದು ಒಂದು ಕೈಯನ್ನು ಮೇಲಕ್ಕೆ ಚಾಚಿದಳು. ಹೆಬ್ಬೆರಳಿನ ಇಂಕು ಇನ್ನೂ ಹೋಗಿರಲಿಲ್ಲ. ಗಂಗಾಲಕ್ಷ್ಮಿ ಅವಳ ಪಕ್ಕದಿಂದ ದಾಟಿಕೊಂಡು ಒಳಗೆ ಹೋಗಿ ದೀಪ ಹಾಕಿದಳು. ಬಾಗಿಲನ್ನು ಮುಚ್ಚಲಿಲ್ಲ. ಹೊರಗೆ ಆ ಕೈ ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಬಾಗಿಲ ಚೌಕಟ್ಟನ್ನು ತಡವಿ ಹಿಡಿದುಕೊಂಡಿತು.